ಅಂಕ ಚೆನ್ನಾಗಿದೆ, ಓದು ಮಾತ್ರ ಭಾರ: ಜಾಣ ವಿದ್ಯಾರ್ಥಿಯಲ್ಲಿ ಡಿಸ್ಲೆಕ್ಸಿಯಾ ಗುರುತಿಸುವುದು ಹೇಗೆ?

ಬುದ್ಧಿ ಚುರುಕಾಗಿದ್ದರೂ ಅಕ್ಷರ ಬಿಡಿಸಿ ಓದುವುದು ಕಷ್ಟವಾಗುವ ಸ್ಥಿತಿಯೇ ಡಿಸ್ಲೆಕ್ಸಿಯಾ. ಅದರ ಬಗೆಗಿನ ಮೊದಮೊದಲ ವೈದ್ಯಕೀಯ ವರದಿಗಳಲ್ಲಿ ಒಂದು 1896ರದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ಬರೆದವರು ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು. ಪರ್ಸಿ ಎಂಬ 14 ವರ್ಷದ ಹುಡುಗ ಚುರುಕು, ಲೆಕ್ಕದಲ್ಲಿ ಸಮರ್ಥ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಬುದ್ಧಿಯೇ ಬೇರೆ, ಅಕ್ಷರ ಬಿಡಿಸುವ ಶಕ್ತಿಯೇ ಬೇರೆ ಎಂಬುದು ಹೀಗೆ ಶುರುವಿನಿಂದಲೂ ಗೊತ್ತಿದ್ದ ಸಂಗತಿ. ಆದರೂ ಇಂದಿಗೂ ಅಂಕಪಟ್ಟಿ ಮುಂದಿಟ್ಟು, "ಇಷ್ಟು ಅಂಕ ಬಂದಿರುವಾಗ ಓದಿನ ತೊಂದರೆ ಎಲ್ಲಿಂದ ಬಂತು?" ಎಂದು ಕೇಳುವವರೇ ಹೆಚ್ಚು.

ಅಂಕಪಟ್ಟಿಯಲ್ಲಿ ಕಾಣುವುದು ಫಲ. ಅದಕ್ಕೆ ತೆತ್ತ ಬೆಲೆ ಅದರಲ್ಲಿ ಎಲ್ಲೂ ನಮೂದಾಗುವುದಿಲ್ಲ. ತರಗತಿಯ ಉಳಿದವರು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಪಾಠಕ್ಕೆ ಒಬ್ಬರು ಮೂರು ಗಂಟೆ ಕೂರುತ್ತಿದ್ದರೆ, ಇಬ್ಬರಿಗೂ ಒಂದೇ ಅಂಕ ಬಂದರೂ ಇಬ್ಬರ ಓದು ಒಂದೇ ಅಲ್ಲ. ಮನೆಯಲ್ಲಿ ಅಥವಾ ತರಗತಿಯಲ್ಲಿ ಅಂಥ ಮಗು ಇದೆ ಎಂಬ ಅನುಮಾನ ನಿಮಗಿದ್ದರೆ, ಅಥವಾ ಆ ವಿದ್ಯಾರ್ಥಿ ನೀವೇ ಆಗಿದ್ದರೆ, ಮುಂದಿನ ಹೆಜ್ಜೆಗಳನ್ನು ಒಂದೊಂದಾಗಿ ಇಡಿ.

ಮೊದಲು, ತೊಡಕು ಹೇಗೆ ಮರೆಯಾಗುತ್ತದೆ ಎಂಬುದನ್ನು ತಿಳಿಯಿರಿ

ಓದಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಎಂದರೆ ಅಕ್ಷರಗಳನ್ನು ಬಿಡಿಸಿ ಪದವಾಗಿಸುವ ಶಕ್ತಿ ಮತ್ತು ಕೇಳಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಈ ಎರಡರ ಗುಣಲಬ್ಧ. ಡಿಸ್ಲೆಕ್ಸಿಯಾ ಇರುವುದು ಮೊದಲನೆಯದರಲ್ಲಿ. ಪದದೊಳಗಿನ ಧ್ವನಿಗಳನ್ನು ಬೇರ್ಪಡಿಸಿ ಅಕ್ಷರಗಳೊಂದಿಗೆ ಹೊಂದಿಸುವ ಕೆಲಸ ಡಿಸ್ಲೆಕ್ಸಿಯಾ ಇರುವವರಲ್ಲಿ ತಾನಾಗಿಯೇ ನಡೆಯುವುದಿಲ್ಲ. ಜಾಣ ಮಗುವಿನಲ್ಲಿ ಎರಡನೆಯದು ಎಷ್ಟು ದೊಡ್ಡದಾಗಿರುತ್ತದೆ ಎಂದರೆ, ಮೊದಲನೆಯದು ಸಣ್ಣದಾಗಿದ್ದರೂ ಒಟ್ಟು ಫಲ ಸಾಧಾರಣವಾಗಿಯೋ ಅದಕ್ಕಿಂತ ಮೇಲಾಗಿಯೋ ಕಾಣುತ್ತದೆ. ಅಪಾರ ಶಬ್ದಸಂಪತ್ತು, ಗಟ್ಟಿ ನೆನಪು, ಸಂದರ್ಭದಿಂದ ಊಹಿಸುವ ಚಾಕಚಕ್ಯತೆ ಇವೆಲ್ಲ ಸೇರಿ ಕೊರತೆಯನ್ನು ತುಂಬಿಕೊಡುತ್ತವೆ. ಪಾಠದ ಮೊದಲ ಸಾಲು ಮತ್ತು ಚಿತ್ರ ನೋಡಿದರೆ ಉಳಿದದ್ದನ್ನು ಅವರು ಊಹಿಸಬಲ್ಲರು. ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನು ಹೇಳಿದಂತೆಯೇ ನೆನಪಿಟ್ಟುಕೊಂಡು ಬರೆಯಬಲ್ಲರು.

ಈ ಹೊಂದಾಣಿಕೆ ಕೆಲವು ಕಡೆ ಕೈಕೊಡುತ್ತದೆ. ಓದಲು ಕಲಿಯುವ ಕಾಲ ಮುಗಿದು ಓದಿ ಕಲಿಯುವ ಕಾಲ ಬಂದಾಗ, ಅಂದರೆ ಸುಮಾರು ನಾಲ್ಕನೆಯ ತರಗತಿಯ ಆಸುಪಾಸಿನಲ್ಲಿ, ಮೊದಲ ಬಿರುಕು ಕಾಣಿಸಬಹುದು. ಪಠ್ಯ ದಪ್ಪವಾಗುವ ಪ್ರೌಢಶಾಲೆಯಲ್ಲಿ ಮತ್ತೊಂದು. ಹೊಸ ಭಾಷೆ ಕಲಿಯುವಾಗ, ವಿಜ್ಞಾನದ ಅಪರಿಚಿತ ಪರಿಭಾಷೆ ಎದುರಾದಾಗ, ಉದ್ದುದ್ದ ಪ್ರಶ್ನೆಗಳಿಗೆ ನಿಮಿಷ ಲೆಕ್ಕದಲ್ಲಿ ಉತ್ತರಿಸುವ ಪ್ರವೇಶ ಪರೀಕ್ಷೆಯಲ್ಲಿ ಊಹೆಗೂ ನೆನಪಿಗೂ ಕೆಲಸವಿರುವುದಿಲ್ಲ. ಆಗ ಬರುವ ಮಾತು, "ಹಿಂದೆ ಚೆನ್ನಾಗಿದ್ದ, ಈಗ ಸೋಮಾರಿಯಾಗಿದ್ದಾನೆ." ಹುಡುಗ ಬದಲಾಗಿರುವುದಿಲ್ಲ, ಓದಬೇಕಾದ ಪುಟಗಳ ಸಂಖ್ಯೆ ಬದಲಾಗಿರುತ್ತದೆ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಕೂಡ ಈ ಸಾಧ್ಯತೆಯನ್ನು ಒಪ್ಪುತ್ತದೆ: ಸಾಮಾನ್ಯ ಮಟ್ಟದ ಸಾಧನೆ ಇದ್ದರೂ, ಅದು ಅಸಾಧಾರಣ ಶ್ರಮ ಅಥವಾ ನೆರವಿನಿಂದ ಮಾತ್ರ ಉಳಿದಿದ್ದರೆ ಅದನ್ನು ಕಲಿಕಾ ತೊಂದರೆಯ ಕುರುಹಾಗಿ ನೋಡಬಹುದು. ಶಾಲೆಯವರು ಅಂಕಪಟ್ಟಿ ತೋರಿಸಿ ಮಾತು ಮುಗಿಸಲು ಹೊರಟಾಗ ಇದು ಕೈಯಲ್ಲಿರಲಿ.

ಹೆಜ್ಜೆ 1: ಕೆಲವು ವಾರ ಸುಮ್ಮನೆ ಗಮನಿಸಿ, ಬರೆದಿಡಿ

ಮಗುವಿಗೆ ಹೇಳದೆ ಗೂಢಚಾರಿಕೆ ಮಾಡಬೇಕೆಂದಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಕಂಡದ್ದನ್ನು ಕಂಡಂತೆ ಬರೆಯುತ್ತಾ ಹೋಗಿ. ಮುಂದೆ ತಜ್ಞರ ಎದುರು ಕೂತಾಗ "ನಿಧಾನವಾಗಿ ಓದುತ್ತಾಳೆ" ಎನ್ನುವುದಕ್ಕಿಂತ "ಸಮಾಜ ವಿಜ್ಞಾನದ ನಾಲ್ಕು ಪುಟಕ್ಕೆ ಎರಡು ಗಂಟೆ, ನಡುವೆ ಮೂರು ಸಲ ಎದ್ದಳು" ಎಂಬ ಸಾಲಿಗೆ ಬೆಲೆ ಹೆಚ್ಚು.

ಏನನ್ನು ಬರೆಯಬೇಕು? ಮಾತಿಗೂ ಬರಹಕ್ಕೂ ಇರುವ ಅಂತರವನ್ನು. ಜ್ವಾಲಾಮುಖಿಯ ಬಗ್ಗೆ ಹತ್ತು ನಿಮಿಷ ನಿರರ್ಗಳವಾಗಿ ಮಾತನಾಡುವವಳು ಅದನ್ನೇ ಬರೆಯಲು ಹೇಳಿದರೆ ನಾಲ್ಕು ಚುಟುಕು ವಾಕ್ಯ ಬರೆದು ಪೆನ್ನು ಕೆಳಗಿಡುತ್ತಾಳೆ. ಅದರಲ್ಲೂ ಕಾಗುಣಿತ ತಪ್ಪಬಹುದೆಂದು ಅಂಜಿ ಸುಲಭದ ಪದಗಳನ್ನೇ ಆರಿಸಿಕೊಳ್ಳುತ್ತಾಳೆ. ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ರೀತಿ ಬರೆಯುವುದು, ಕಥೆಯಲ್ಲಿ ಬರುವ ಉದ್ದನೆಯ ಹೆಸರುಗಳನ್ನು ಓದದೆ ಹಾರಿಸುವುದು, ಒಂದೇ ಸಾಲನ್ನು ಎರಡೆರಡು ಸಲ ಓದುವುದು, ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬರುವ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗುವುದು, ಇವೆಲ್ಲ ಬರೆದಿಡಬೇಕಾದವು. ಲೆಕ್ಕ ನೇರವಾಗಿ ಕೊಟ್ಟರೆ ಸರಿ, ವಾಕ್ಯರೂಪದಲ್ಲಿ ಕೊಟ್ಟರೆ ತಪ್ಪು ಎಂಬುದೂ ಒಂದು ಸುಳಿವು. ಶಾಲೆಯಿಂದ ಬಂದ ಮೇಲಿನ ಆಯಾಸ, ತಲೆನೋವು, ಕಾರಣವಿಲ್ಲದ ಸಿಟ್ಟು ಕೂಡ ಲೆಕ್ಕಕ್ಕೆ ಬರುತ್ತವೆ.

ನಿಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಗುವಿನ ಪಾಠವನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆಯೇ? ಹಾಗಿದ್ದರೆ ಅಂಕಪಟ್ಟಿಯಲ್ಲಿ ಅರ್ಧ ಪಾಲು ಅವರದೂ ಹೌದು. ಆ ನೆರವನ್ನು ನಿಲ್ಲಿಸಬೇಕಿಲ್ಲ, ತಜ್ಞರಿಗೆ ಹೇಳಿದರೆ ಸಾಕು.

ಕುಟುಂಬದ ಕಡೆಗೂ ಒಮ್ಮೆ ನೋಡಿ. ಡಿಸ್ಲೆಕ್ಸಿಯಾ ವಂಶವಾಹಿಯಾಗಿ ಬರುವ ಸಂಭವ ಗಣನೀಯ. ಎಂದೂ ಪುಸ್ತಕ ಹಿಡಿಯದ, ಅರ್ಜಿ ತುಂಬಲು ಇನ್ನೊಬ್ಬರ ಕೈಗೆ ಕೊಡುವ, ಆದರೆ ವ್ಯವಹಾರದಲ್ಲಿ ಬಲು ಚುರುಕಾದ ಚಿಕ್ಕಪ್ಪನೋ ಸೋದರಮಾವನೋ ನೆನಪಾಗಬಹುದು. ಕೆಲವೊಮ್ಮೆ ನೆನಪಾಗುವುದು ತಂದೆ ಅಥವಾ ತಾಯಿಯೇ.

ಅಕ್ಷರಗಳನ್ನು ತಿರುವುಮುರುವಾಗಿ ಬರೆಯುವುದೇ ಡಿಸ್ಲೆಕ್ಸಿಯಾ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದನ್ನು ಇಲ್ಲಿಗೇ ಬಿಡಿ. ಬರೆಯಲು ಕಲಿಯುತ್ತಿರುವ ಬಹುತೇಕ ಚಿಕ್ಕ ಮಕ್ಕಳು ಹಾಗೆ ಬರೆಯುತ್ತಾರೆ. ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ಹಾಗೆ ಬರೆಯುವುದೇ ಇಲ್ಲ.

ಹೆಜ್ಜೆ 2: ಯಾವ ಭಾಷೆಯಲ್ಲಿ ತೊಡಕು ಎಂದು ಬಿಡಿಸಿ ನೋಡಿ

ಕನ್ನಡ ಸಲೀಸು, ಇಂಗ್ಲಿಷ್ ಮಾತ್ರ ಕಷ್ಟ ಎನ್ನುವ ಮಗುವಿಗೆ ಡಿಸ್ಲೆಕ್ಸಿಯಾ ಇರಲಾರದು ಎಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಅದು ಅವಸರ. ಬರೆದಂತೆ ಓದುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ತಪ್ಪುಗಳಾಗಿ ಕಾಣಿಸುವುದಕ್ಕಿಂತ ಓದಿನ ನಿಧಾನಗತಿಯಾಗಿ ಕಾಣಿಸುತ್ತದೆ. ಇಂಗ್ಲಿಷಿನಂತೆ ಬರಹವೊಂದು ಉಚ್ಚಾರಣೆಯೊಂದು ಆಗಿರುವ ಭಾಷೆಯಲ್ಲಿ ಅದೇ ತೊಡಕು ತಪ್ಪುಗಳ ರಾಶಿಯಾಗುತ್ತದೆ. 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಟಾಲಿಯನ್, ಫ್ರೆಂಚ್ ಮತ್ತು ಇಂಗ್ಲಿಷ್ ಭಾಷಿಕರನ್ನು ಹೋಲಿಸಿತ್ತು. ಡಿಸ್ಲೆಕ್ಸಿಯಾ ಇದ್ದ ಆ ಓದುಗರೆಲ್ಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎಂಬುದು ನಮಗಿಲ್ಲಿ ಮುಖ್ಯ. ಇಟಾಲಿಯನ್ನರ ಓದು ಉಳಿದಿಬ್ಬರಿಗಿಂತ ಮೇಲಿತ್ತು. ಆದರೆ ಓದುವಾಗ ಮೆದುಳಿನ ಎಡಭಾಗದಲ್ಲಿ ಕಂಡ ಚಟುವಟಿಕೆಯ ಕೊರತೆ ಮೂವರಲ್ಲೂ ಒಂದೇ ಆಗಿತ್ತು.

ಕನ್ನಡದಲ್ಲಿ ಏನು ನೋಡಬೇಕು? ಒತ್ತಕ್ಷರ ಬಂದ ಕಡೆ ತಡೆಯುವುದು, ಒತ್ತು ಬಿಟ್ಟು ಓದುವುದು, ದೀರ್ಘ ಹಾರಿಸುವುದು, ವಯಸ್ಸಿಗೆ ಮೀರಿ ಅಕ್ಷರ ಅಕ್ಷರ ಕೂಡಿಸಿಕೊಂಡು ಓದುವುದು. ಇವಕ್ಕಿಂತ ನನಗೆ ಮುಖ್ಯವೆನಿಸುವುದು ಪದದ ತುದಿ. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ಲಿಂಗ, ನಿಷೇಧ ಎಲ್ಲವೂ ಪದದ ಕೊನೆಯಲ್ಲಿ ಕೂತಿರುತ್ತವೆ. ಪದದ ಮೊದಲರ್ಧ ನೋಡಿ ಉಳಿದದ್ದನ್ನು ಊಹಿಸುವ ಜಾಣ ಓದುಗ "ಕರಗುವುದಿಲ್ಲ" ಎಂಬುದನ್ನು "ಕರಗುವುದು" ಎಂದು ಓದಿ ಮುಂದೆ ಹೋಗುತ್ತಾನೆ. ಕಥೆಯಲ್ಲಾದರೆ ಸಂದರ್ಭ ಅವನನ್ನು ಕಾಪಾಡುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಕಾಪಾಡುವುದಿಲ್ಲ. "ಗೊತ್ತಿದ್ದೂ ತಪ್ಪು ಬರೆದಿದ್ದಾನೆ, ಅಜಾಗರೂಕತೆ" ಎಂದು ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದನ್ನೆಲ್ಲ ಮತ್ತೊಮ್ಮೆ ತೆಗೆದು ನೋಡಿ.

ಒಂದು ಎಚ್ಚರಿಕೆ. ಮನೆಮಾತಿನಲ್ಲಿ ಹಕಾರವಿಲ್ಲದ, ಮಹಾಪ್ರಾಣವಿಲ್ಲದ ಮಗು ಬರಹದಲ್ಲೂ ಅವನ್ನು ತಪ್ಪಿಸುತ್ತದೆ. ಅದು ಮಾತಿನ ರೂಢಿ, ಓದಿನ ನ್ಯೂನತೆಯಲ್ಲ. ಹಾಗೆಯೇ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳ ದೊಡ್ಡ ಬಳಗವನ್ನು ಪೂರ್ತಿ ಕರಗತ ಮಾಡಿಕೊಳ್ಳಲು ಎಲ್ಲ ಮಕ್ಕಳಿಗೂ ಹಲವು ವರ್ಷ ಬೇಕಾಗುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿಯಾಗಬೇಡಿ. ಎಂಟನೆಯ ತರಗತಿಯಲ್ಲೂ ಎಡವುತ್ತಿದ್ದರೆ ಗಮನ ಕೊಡಿ.

ಹೆಜ್ಜೆ 3: ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳು

ಇವು ರೋಗನಿರ್ಣಯವಲ್ಲ. ತಜ್ಞರ ಬಳಿ ಹೋಗಬೇಕೇ ಬೇಡವೇ ಎಂದು ನಿರ್ಧರಿಸಲು ಸಾಕು, ಅಷ್ಟೇ. ಮಗುವಿನ ಒಪ್ಪಿಗೆ ಪಡೆದು, ಸುಸ್ತಾಗಿರದ ಹೊತ್ತಿನಲ್ಲಿ, ಒಂದು ದಿನಕ್ಕೆ ಒಂದರಂತೆ ಮಾಡಿ.

ಮೊದಲನೆಯದು ಅರ್ಥವಿಲ್ಲದ ಪದಗಳ ಓದು. ಮಿಗೊಸು, ತಡ್ರುಪೆ, ಕಲ್ಬೋನಿಗ, ಸಂಟ್ಯೂಲು ಇಂಥ ಇಪ್ಪತ್ತು ಪದಗಳನ್ನು ನೀವೇ ಕಟ್ಟಿ, ಗಟ್ಟಿಯಾಗಿ ಓದಿಸಿ. ಇಂಗ್ಲಿಷಿಗೂ ಇಂಥದೇ ಒಂದು ಪಟ್ಟಿ ಮಾಡಿಕೊಳ್ಳಿ. ನಾಲ್ಕರಲ್ಲಿ ಇದೇ ಅತ್ಯಂತ ಬೆಳಕು ಚೆಲ್ಲುವ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಶಬ್ದಸಂಪತ್ತು, ನೆನಪು, ಸಂದರ್ಭ ಯಾವುದೂ ನೆರವಿಗೆ ಬಾರದು. ಅಕ್ಷರದಿಂದ ಧ್ವನಿಗೆ ಹೋಗುವ ದಾರಿ ಒಂದೇ ಉಳಿಯುತ್ತದೆ. ಪಾಠವನ್ನು ಪರವಾಗಿಲ್ಲ ಎನ್ನುವಂತೆ ಓದುವ ಜಾಣ ವಿದ್ಯಾರ್ಥಿ ಇಲ್ಲಿ ತಡವರಿಸುತ್ತಾನೆ, ಅಥವಾ "ಮಿಗೊಸು" ಎಂಬುದನ್ನು "ಮುಗಿಸು" ಎಂದು ಗೊತ್ತಿರುವ ಪದವಾಗಿ ತಿದ್ದಿ ಓದುತ್ತಾನೆ. ಅದೇ ವಯಸ್ಸಿನ ಇನ್ನೊಂದು ಮಗುವಿನಿಂದಲೂ ಓದಿಸಿದರೆ ಹೋಲಿಕೆ ಸಿಗುತ್ತದೆ. ಆದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ.

ಎರಡನೆಯದು ಕೇಳುವುದಕ್ಕೂ ಓದುವುದಕ್ಕೂ ಇರುವ ವ್ಯತ್ಯಾಸ. ಒಂದೇ ಮಟ್ಟದ, ಮೊದಲು ನೋಡಿರದ ಎರಡು ಬರಹಗಳನ್ನು ಆರಿಸಿ. ಒಂದನ್ನು ನೀವು ಓದಿ ಹೇಳಿ, ಇನ್ನೊಂದನ್ನು ಮಗುವೇ ಮನಸ್ಸಿನಲ್ಲಿ ಓದಲಿ. ಎರಡಕ್ಕೂ ಐದೈದು ಪ್ರಶ್ನೆ ಕೇಳಿ, ಓದಲು ಹಿಡಿದ ಸಮಯವನ್ನೂ ಬರೆಯಿರಿ. ಕೇಳಿದ್ದಕ್ಕೆ ಪಟಪಟನೆ ಉತ್ತರ, ಓದಿದ್ದಕ್ಕೆ ತಡಕಾಟ ಎಂದಾದರೆ ತೊಡಕು ಬುದ್ಧಿಯಲ್ಲಿಲ್ಲ, ಅಕ್ಷರದಲ್ಲಿದೆ. ಎರಡರಲ್ಲೂ ಸೋತರೆ ವಿಷಯ ಬೇರೆಯೇ ಇರಬಹುದು. ಭಾಷೆಯ ಗ್ರಹಿಕೆಯನ್ನೇ ಪರೀಕ್ಷಿಸಬೇಕಾಗುತ್ತದೆ.

ಮೂರನೆಯದು ಉಕ್ತಲೇಖನ. ಪರಿಚಿತ ಪದಗಳ ಜೊತೆಗೆ ಅಪರಿಚಿತ ಪದಗಳೂ ಇರಲಿ. ತಪ್ಪಿನ ಸಂಖ್ಯೆಗಿಂತ ತಪ್ಪಿನ ಬಗೆಯನ್ನು ನೋಡಿ. ಧ್ವನಿಗೆ ಹೊಂದುವ ತಪ್ಪು ಒಂದು ತರಹ. ಧ್ವನಿಗೇ ಸಂಬಂಧವಿಲ್ಲದಂತೆ ಅಕ್ಷರ ಬಿಟ್ಟುಹೋಗುವುದು, ಅದಲುಬದಲಾಗುವುದು ಇನ್ನೊಂದು ತರಹ.

ನಾಲ್ಕನೆಯದು ಸಮಯದ್ದು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನಿಗದಿತ ಸಮಯದಲ್ಲಿ ಬರೆಯಲಿ. ಸಮಯ ಮುಗಿದಾಗ ಬೇರೆ ಬಣ್ಣದ ಪೆನ್ನು ಕೊಟ್ಟು ಎಷ್ಟು ಬೇಕೋ ಅಷ್ಟು ಹೊತ್ತು ಮುಂದುವರಿಸಲು ಬಿಡಿ. ಎರಡು ಬಣ್ಣದ ಅಂಕಗಳ ಅಂತರ ಎಷ್ಟೆಂದು ನೋಡಿ.

ಅಂತರ್ಜಾಲದಲ್ಲಿ ಸಿಗುವ "ನಿಮಿಷಕ್ಕೆ ಇಷ್ಟು ಪದ" ಎಂಬ ಕೋಷ್ಟಕಗಳನ್ನು ಕನ್ನಡಕ್ಕೆ ಅನ್ವಯಿಸಬೇಡಿ. ಅವು ಹೆಚ್ಚಾಗಿ ಇಂಗ್ಲಿಷಿನವು. "ಹೋಗಬೇಕಾಗಿದ್ದವರಿಗೂ" ಎಂಬ ನಮ್ಮ ಒಂದು ಪದದಲ್ಲಿ ಅವರ ಐದಾರು ಪದಗಳಿರುತ್ತವೆ.

ಹೆಜ್ಜೆ 4: ಬೇರೆ ಕಾರಣಗಳನ್ನು ತೆಗೆದುಹಾಕಿ

ಕಣ್ಣು ಮತ್ತು ಕಿವಿಯ ತಪಾಸಣೆ ಮೊದಲು. ದೂರದ ಹಲಗೆ ಚೆನ್ನಾಗಿ ಕಂಡು ಹತ್ತಿರದ ಪುಸ್ತಕ ಮಸುಕಾಗುವ ಮಗುವಿಗೆ ಬೇಕಾದದ್ದು ಕನ್ನಡಕ. ಆದರೆ ಕಣ್ಣಿನ ತಪಾಸಣೆಯಿಂದ ಮುಂದೆ ಹೋಗಿ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ಗುಣಪಡಿಸುತ್ತೇವೆ ಎನ್ನುವವರಿಂದ ದೂರವಿರಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿದ್ದು ಇದನ್ನೇ: ಡಿಸ್ಲೆಕ್ಸಿಯಾ ಭಾಷೆಗೆ ಸಂಬಂಧಿಸಿದ್ದು, ಕಣ್ಣಿನ ದೋಷವಲ್ಲ, ಆ ಚಿಕಿತ್ಸೆಗಳಿಗೆ ಆಧಾರವಿಲ್ಲ.

ಗಮನದ ಕೊರತೆಯನ್ನು ಮಾತ್ರ ಇಷ್ಟು ಸುಲಭವಾಗಿ ಬೇರ್ಪಡಿಸಲಾಗುವುದಿಲ್ಲ, ಏಕೆಂದರೆ ಅದು ಡಿಸ್ಲೆಕ್ಸಿಯಾ ಜೊತೆಗೇ ಇರುವುದು ಸಾಮಾನ್ಯ. ಕೇಳುವಾಗ, ಲೆಕ್ಕ ಮಾಡುವಾಗ, ಆಡುವಾಗಲೂ ಗಮನ ಚದುರುತ್ತದೆಯೇ ಅಥವಾ ಓದುವಾಗ ಮಾತ್ರವೇ ಎಂದು ಗಮನಿಸಿ ತಜ್ಞರಿಗೆ ತಿಳಿಸಿ. ನಿದ್ದೆ, ಆತಂಕ, ಒಂದು ತಪ್ಪೂ ಆಗಬಾರದೆಂದು ಪ್ರತಿ ಸಾಲನ್ನೂ ಮತ್ತೆ ಮತ್ತೆ ಓದುವ ಅತಿಯಾದ ಪರಿಪೂರ್ಣತೆಯ ಹಂಬಲ, ಹೊಸ ಮಾಧ್ಯಮಕ್ಕೆ ಇತ್ತೀಚೆಗೆ ಬಂದದ್ದು, ಇವನ್ನೂ ಪರಿಗಣಿಸಬೇಕು.

ಹೆಜ್ಜೆ 5: ತಜ್ಞರ ಮೌಲ್ಯಮಾಪನ, ಮತ್ತು ವರದಿಯನ್ನು ಓದುವ ಬಗೆ

ಕಲಿಕಾ ತೊಂದರೆಗಳಲ್ಲಿ ಅನುಭವವಿರುವ ಮನಶ್ಶಾಸ್ತ್ರಜ್ಞರನ್ನು ಕಾಣಿ. ಸಮಯ ಗೊತ್ತುಮಾಡುವ ಮೊದಲೇ ಒಂದು ಮಾತು ಕೇಳಿ: "ಅಂಕ ಚೆನ್ನಾಗಿರುವ ಮಕ್ಕಳನ್ನು ಪರೀಕ್ಷಿಸಿದ ಅನುಭವ ಇದೆಯೇ?" ಪರೀಕ್ಷೆಯಲ್ಲಿ ಸಮಯ ಕಟ್ಟಿದ ಓದು, ಅರ್ಥವಿಲ್ಲದ ಪದಗಳ ಓದು, ಕಾಗುಣಿತ, ಪದದೊಳಗಿನ ಧ್ವನಿಗಳನ್ನು ಬೇರ್ಪಡಿಸುವ ಕೆಲಸ, ಅಂಕಿ ಅಥವಾ ಬಣ್ಣಗಳನ್ನು ವೇಗವಾಗಿ ಹೆಸರಿಸುವ ಕೆಲಸ, ತಾತ್ಕಾಲಿಕ ನೆನಪು, ಕೇಳಿ ಗ್ರಹಿಸುವ ಶಕ್ತಿ ಇವಿಷ್ಟೂ ಇರಬೇಕು. ಸಮಯದ ಮಿತಿಯಿಲ್ಲದೆ ಒಂದು ಪುಟ ಓದಿಸಿ, ನಾಲ್ಕು ಪ್ರಶ್ನೆ ಕೇಳಿ "ಎಲ್ಲ ಸರಿಯಿದೆ" ಎಂದು ಕಳುಹಿಸಿದರೆ ಪರೀಕ್ಷಿಸಿದ್ದು ಮಗುವಿನ ಜಾಣತನವನ್ನೇ ಹೊರತು ಓದನ್ನಲ್ಲ. ಮಗು ಎರಡು ಭಾಷೆಗಳಲ್ಲಿ ಓದುತ್ತಿದ್ದರೆ ಎರಡರಲ್ಲೂ ಪರೀಕ್ಷೆ ನಡೆಯಲಿ.

ವರದಿ ಬಂದಾಗ ಒಟ್ಟು ಮೊತ್ತದ ಕಡೆ ಮೊದಲು ಕಣ್ಣು ಹಾಯಿಸಬೇಡಿ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸರಾಸರಿಯನ್ನು 100 ಎಂದು ಇಟ್ಟುಕೊಂಡಿರುತ್ತಾರೆ. ಒಂದು ಮಗುವಿನ ಭಾಷಾ ತಾರ್ಕಿಕತೆ 130, ಪದ ಓದುವ ವೇಗ 90 ಎಂದುಕೊಳ್ಳಿ. ಮೊದಲನೆಯದರಲ್ಲಿ ಅದು ನೂರು ಮಕ್ಕಳಲ್ಲಿ ಸುಮಾರು 98 ಮಂದಿಗಿಂತ ಮುಂದಿದೆ. ಎರಡನೆಯದರಲ್ಲಿ ಸುಮಾರು 25 ಮಂದಿಗಿಂತ ಮಾತ್ರ. 90 ಎಂಬುದು "ಸಾಮಾನ್ಯ ವ್ಯಾಪ್ತಿ"ಯೊಳಗೇ ಬರುವುದರಿಂದ ವರದಿಯ ಕೊನೆಯ ಸಾಲು "ಯಾವುದೇ ತೊಂದರೆ ಕಂಡುಬಂದಿಲ್ಲ" ಎಂದಿರಬಹುದು. ಈ ಅಂತರವೊಂದೇ ಡಿಸ್ಲೆಕ್ಸಿಯಾಗೆ ಸಾಕ್ಷಿಯಲ್ಲ ಎಂಬುದೂ ನಿಜ. ಐಕ್ಯೂಗೂ ಓದಿಗೂ ಅಂತರವಿರಲೇಬೇಕು ಎಂಬ ಹಳೆಯ ನಿಯಮವನ್ನು 2013ರ ಕೈಪಿಡಿ ಕೈಬಿಟ್ಟಿದೆ. ಆದರೆ ಅಂತರದ ಜೊತೆಗೆ ಧ್ವನಿ ಸಂಬಂಧಿ ಅಂಕಗಳೂ ಕೆಳಗಿದ್ದು, ನಿಮ್ಮ ನೋಟ್‌ಬುಕ್ಕೂ ಅದನ್ನೇ ಹೇಳುತ್ತಿದ್ದರೆ ವಿವರಣೆ ಕೇಳುವ ಹಕ್ಕು ನಿಮಗಿದೆ. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಹೆಜ್ಜೆ 6: ಮಗುವಿಗೆ ಹೇಳಿ

ಹೇಳದೆ ಮುಚ್ಚಿಡುವ ಮನೆಗಳೇ ಹೆಚ್ಚು. ಆದರೆ ಮಗು ಆ ಹೊತ್ತಿಗೆ ತನ್ನ ಬಗ್ಗೆ ತಾನೇ ಒಂದು ತೀರ್ಪು ಕೊಟ್ಟುಕೊಂಡಿರುತ್ತದೆ: ಉಳಿದವರು ನಿಜವಾಗಿ ಜಾಣರು, ನಾನು ಜಾಣನಂತೆ ನಟಿಸುತ್ತಿದ್ದೇನೆ, ಎಂದಾದರೂ ಒಂದು ದಿನ ಸಿಕ್ಕಿಬೀಳುತ್ತೇನೆ. ಇದಕ್ಕಿಂತ ನಿಜವಾದ ಕಾರಣವೇ ಹಗುರ. ಸುತ್ತಿಬಳಸದೆ ಹೇಳಿ: ನಿನಗೆ ಯೋಚನೆ ಬೇಗ ಹೊಳೆಯುತ್ತದೆ, ಅಕ್ಷರ ಬಿಡಿಸುವ ಕೆಲಸ ನಿಧಾನ, ಎರಡೂ ನಿನ್ನವೇ. ಡಿಸ್ಲೆಕ್ಸಿಯಾ ಒಂದು ವರ, ಅಲೌಕಿಕ ಶಕ್ತಿ ಎಂಬ ಮಾತು ಬೇಡ. ಕಷ್ಟಪಡುತ್ತಿರುವವರಿಗೆ ಅದು ಅಪಹಾಸ್ಯದಂತೆ ಕೇಳುತ್ತದೆ.

ಉದಾಹರಣೆ ಬೇಕಿದ್ದರೆ ಕ್ಯಾರಲ್ ಗ್ರೈಡರ್ ಇದ್ದಾರೆ. 2009ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಇವರು ಬಾಲ್ಯದಲ್ಲಿ ಓದು ಮತ್ತು ಕಾಗುಣಿತಕ್ಕೆ ಹೆಣಗಿ, ಪದಗಳನ್ನು ಬಾಯಿಪಾಠ ಮಾಡಿ ದಾಟಿದವರು. ಸಂಶೋಧನಾ ಪದವಿಗೆ ಸೇರುವಾಗ ಪ್ರವೇಶ ಪರೀಕ್ಷೆಯ ಅಂಕ ಕಡಿಮೆಯಾಗಿ ಬಹುತೇಕ ವಿಶ್ವವಿದ್ಯಾಲಯಗಳು ಅವರನ್ನು ಪರಿಗಣಿಸಲಿಲ್ಲ. 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಸ್ವಿಟ್ಜರ್ಲೆಂಡಿನ ಜಾಕ್ ದುಬೋಶೆ ತಮ್ಮ ಡಿಸ್ಲೆಕ್ಸಿಯಾವನ್ನು ಸ್ವವಿವರದಲ್ಲೇ ನಮೂದಿಸಿಕೊಂಡಿದ್ದಾರೆ.

ಹೆಜ್ಜೆ 7: ಎರಡು ಕೆಲಸ ಜೊತೆಜೊತೆಗೆ ಶುರುಮಾಡಿ

ಒಂದು, ಕಲಿಸುವುದು. ದೊಡ್ಡವನಾದ, ಇನ್ನೇನು ಕಲಿಸುವುದು ಎನ್ನಬೇಡಿ. ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಮೊದಲಿನಿಂದ ಕ್ರಮವಾಗಿ, ಬಿಡಿಸಿ ಹೇಳಿಕೊಡುವ ವಿಶೇಷ ಶಿಕ್ಷಕರ ಪಾಠ ಹದಿಹರೆಯದಲ್ಲೂ ಫಲ ಕೊಡುತ್ತದೆ. ಜಾಣ ಮಕ್ಕಳಿಗೆ ಪದರಚನೆಯ ಪಾಠ ವಿಶೇಷವಾಗಿ ಒಗ್ಗುತ್ತದೆ: ಇಂಗ್ಲಿಷ್ ಪದಗಳ ಮೂಲ, ಪೂರ್ವಪ್ರತ್ಯಯ, ಕನ್ನಡದ ಸಂಧಿ, ವಿಭಕ್ತಿ ಪ್ರತ್ಯಯಗಳು. ಉದ್ದದ ಪದವನ್ನು ತುಂಡುಮಾಡಿ ನೋಡುವ ಅಭ್ಯಾಸ ಅವರ ತರ್ಕಬುದ್ಧಿಗೂ ರುಚಿಸುತ್ತದೆ. ಇದರ ಜೊತೆಗೆ ಚಿಕ್ಕ ಬರಹವೊಂದನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಓದಿಸುವುದು ಓದಿನ ಓಟಕ್ಕೆ ಒಳ್ಳೆಯದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಈಗಾಗಲೇ ದಣಿದ ಮಗುವಿನ ಮೇಲೆ ಇನ್ನೊಂದು ಟ್ಯೂಷನ್ ಹೇರಬೇಡಿ, ಬೇರೆ ಯಾವುದನ್ನಾದರೂ ಕಡಿಮೆ ಮಾಡಿ.

ಇನ್ನೊಂದು, ದಾರಿಯ ಅಡ್ಡಿ ತೆಗೆಯುವುದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ ಅರ್ಜಿ ಹಾಕಿ. ಪರೀಕ್ಷಾ ಮಂಡಳಿಗಳಿಗೆ ವರದಿಯನ್ನು ಬಹಳ ಮೊದಲೇ ಸಲ್ಲಿಸಬೇಕಾಗುವುದರಿಂದ ಕೊನೆಯ ವರ್ಷದವರೆಗೆ ಕಾಯಬೇಡಿ. ಕಾಗುಣಿತಕ್ಕೆ ಅಂಕ ಕಳೆಯದಿರುವುದು, ತರಗತಿಯಲ್ಲಿ ಮುನ್ಸೂಚನೆಯಿಲ್ಲದೆ ಗಟ್ಟಿಯಾಗಿ ಓದಿಸದಿರುವುದು, ಹಲಗೆಯ ಮೇಲಿನದನ್ನು ಮುದ್ರಿಸಿ ಕೊಡುವುದು ಶಾಲೆಯೇ ತೀರ್ಮಾನಿಸಬಹುದಾದ ಸಂಗತಿಗಳು. ಮೊಬೈಲ್ ಮತ್ತು ಕಂಪ್ಯೂಟರಿನ ಗಟ್ಟಿಯಾಗಿ ಓದುವ ಸೌಲಭ್ಯ, ಆಡಿಯೊ ಪುಸ್ತಕ, ಮಾತನ್ನು ಬರಹವಾಗಿಸುವ ಸೌಲಭ್ಯ ಎಲ್ಲವನ್ನೂ ಬಳಸಲಿ. ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸಿದರೆ ಇನ್ನೂ ಒಳ್ಳೆಯದು. ವಿಶೇಷ ಅಕ್ಷರಶೈಲಿಗಳಿಗೆ ಹಣ ಕೊಡುವ ಅಗತ್ಯವಿಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟರೆ ಆಯಿತು.

"ಹೆಚ್ಚು ಸಮಯ ಕೊಟ್ಟರೆ ಬೇರೆ ಮಕ್ಕಳಿಗೆ ಅನ್ಯಾಯವಲ್ಲವೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದರಲ್ಲೂ ಮಗು ಮೊದಲೇ ಮುಂದಿದ್ದರೆ. ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸದ ತಿಳಿವಳಿಕೆಯನ್ನು, ಪ್ರಶ್ನೆ ಓದುವ ವೇಗವನ್ನಲ್ಲ ಎಂದು ಹೇಳಿ, ಎರಡು ಬಣ್ಣದ ಉತ್ತರಪತ್ರಿಕೆಯನ್ನು ಮುಂದಿಡಿ.

ಮೂರು ನಾಲ್ಕು ತಿಂಗಳ ನಂತರ ಹೆಜ್ಜೆ 3ರ ಪರೀಕ್ಷೆಗಳನ್ನು ಹೊಸ ಪದಗಳು, ಹೊಸ ಬರಹಗಳೊಂದಿಗೆ ಮತ್ತೆ ಮಾಡಿ. ಅರ್ಥವಿಲ್ಲದ ಪದಗಳ ಓದು ಸುಧಾರಿಸಿ ವೇಗ ಮಾತ್ರ ಅಲ್ಲೇ ಇದ್ದರೆ ನಿರಾಶರಾಗಬೇಡಿ. ನಿಖರತೆ ಮೊದಲು ಬರುತ್ತದೆ, ವೇಗ ಹಿಂದುಳಿಯುತ್ತದೆ, ಕೆಲವರಲ್ಲಿ ಕೊನೆಯವರೆಗೂ. ಎರಡೂ ಕದಲದಿದ್ದರೆ ಪಾಠದ ಗಂಟೆ ಹೆಚ್ಚಿಸುವ ಬದಲು ಕಲಿಸುವ ಕ್ರಮವನ್ನೇ ಬದಲಿಸುವಂತೆ ವಿಶೇಷ ಶಿಕ್ಷಕರೊಂದಿಗೆ ಮಾತನಾಡಿ.